ಕಾಡು ಟರ್ಕಿಗೆ ಎಲ್ಲಿ ಕೂರಬೇಕು?

ಅಮೆರಿಕದ ಮಿಸೌರಿಯಲ್ಲಿ ಏಪ್ರಿಲ್ ಮೂರನೇ ವಾರ ಬಂತೆಂದರೆ ಕಾಡು ಟರ್ಕಿ ಎಂಬ ದೊಡ್ಡ ಕೋಳಿಜಾತಿಯ ಹಕ್ಕಿಯ ಬೇಟೆಯ ಕಾಲ. ನಮ್ಮ ಮಲೆನಾಡಿನಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅಜ್ಜಂದಿರ ಕಥೆಯಾಯಿತು. ಇಲ್ಲಿ ಮಿಸೌರಿಯಲ್ಲಾದರೆ ಪರ್ಮಿಟ್ ಕೊಂಡು ಹೋಗಬಹುದು. ಹೊಸದಾಗಿ ಹೊರಟ ಕನ್ನಡಿಗ ಗೆಳೆಯರು ನನ್ನನ್ನು ಕೇಳುವುದು ಬಂದೂಕಿನ ಬಗ್ಗೆ. ಕೇಳಬೇಕಾದದ್ದು ಜಾಗದ ಬಗ್ಗೆ.

ಮೊದಲು, ಆ ನೆಲ ಯಾರದು ನೋಡಿ. ಮಾರ್ಕ್ ಟ್ವೇನ್ ರಾಷ್ಟ್ರೀಯ ಅರಣ್ಯ ಸುಮಾರು 15 ಲಕ್ಷ ಎಕರೆ ಇದೆ, ಸಾರ್ವಜನಿಕರದು. ಖಾಸಗಿ ಜಮೀನಿಗೆ ಮಾಲೀಕರ ಒಪ್ಪಿಗೆ ಬೇಕು. ಮರಕ್ಕೋ ಬೇಲಿಗೂಟಕ್ಕೋ ನೇರಳೆ ಬಣ್ಣ ಬಳಿದಿದ್ದರೆ 'ಒಳಗೆ ಬರಬೇಡಿ' ಎಂದೇ ಅರ್ಥ. ಮಿಸೌರಿಯಲ್ಲಿ ಅದು ಕಾನೂನು.

ಸೀಸನ್ನಿಗೆ ವಾರ ಮುಂಚೆ ಬರಿಗೈಲಿ ಹೋಗಿ ಓಕ್ ಮರಗಳ ಬುಡ ನೋಡಿ. ಹಿತ್ತಲಲ್ಲಿ ಊರುಕೋಳಿ ತರಗೆಲೆ ಕೆದರುತ್ತದಲ್ಲ, ಅದೇ ಗುರುತು, ಗಾತ್ರ ಮಾತ್ರ ದೊಡ್ಡದು. ಹಿಕ್ಕೆಯನ್ನೂ ಬಗ್ಗಿ ನೋಡಿ. ಹುಂಜನದು ಉದ್ದಕ್ಕಿದ್ದು ತುದಿ ಕೊಕ್ಕೆಯಂತೆ ಬಾಗಿರುತ್ತದೆ, ಹೇಂಟೆಯದು ಸುರುಳಿ ಸುತ್ತಿರುತ್ತದೆ. ವಸಂತದಲ್ಲಿ ಹೊಡೆಯಬಹುದಾದದ್ದು ಹುಂಜ, ಇಲ್ಲವೇ ಎದೆಯಿಂದ ಕೂದಲಿನಂಥ ಗರಿಗಳ 'ಗಡ್ಡ' ಜೋತಾಡುವ ಹಕ್ಕಿ ಮಾತ್ರ. ಹಾಗಾಗಿ ಈ ಪರೀಕ್ಷೆ ದಂಡವಲ್ಲ.

ಬೇಟೆಯ ಹಿಂದಿನ ಸಂಜೆ ಗುಡ್ಡದ ನೆತ್ತಿಯಲ್ಲಿ ಸುಮ್ಮನೆ ನಿಲ್ಲಿ. ಟರ್ಕಿ ರಾತ್ರಿ ಮರದ ಮೇಲೆ ಕೂರುವ ಹಕ್ಕಿ. ಕತ್ತಲಾಗುವ ಹೊತ್ತಿಗೆ ರೆಕ್ಕೆಯ ದಡಬಡ ಕೇಳುತ್ತದೆ. ಕೇಳದಿದ್ದರೆ ಒಮ್ಮೆ ಗೂಬೆಯಂತೆ ಕೂಗಿ ನೋಡಿ, ಹುಂಜ ತಡೆಯಲಾರದೆ ಓಗೊಡುವುದುಂಟು. ಮರದ ದಿಕ್ಕು ಸಿಕ್ಕಿತೋ, ಅಲ್ಲಿಗೇ ನಿಲ್ಲಿಸಿ, ಹತ್ತಿರ ಹೋಗಬೇಡಿ.

ಬೆಳಗ್ಗೆ ಬೆಳಕು ಹರಿಯುವ ಮೊದಲೇ, ಆ ಮರದಿಂದ ನೂರೈವತ್ತು ಗಜ ದೂರದಲ್ಲಿ, ಅದೇ ಎತ್ತರದಲ್ಲೋ ತುಸು ಮೇಲೋ ಕೂರಿ. ನಡುವೆ ಹಳ್ಳ, ಬೇಲಿ, ಮುಳ್ಳುಪೊದೆ ಇರಬಾರದು. ಮೊದಲ ವರ್ಷ ನಾನು ಎಡವಿದ್ದೇ ಇಲ್ಲಿ. ಮೊಣಕಾಲುದ್ದದ ತೊರೆಯ ಆಚೆ ದಡದಲ್ಲಿ ಹುಂಜ ಒಂದು ಗಂಟೆ ಬಾಲ ಬಿಚ್ಚಿ ಕುಣಿಯಿತು, ದಾಟಲಿಲ್ಲ. ಹಾರಬಲ್ಲದು, ಆದರೆ ಯಾಕೆ ಹಾರಬೇಕು? ಈ ಹಕ್ಕಿಗಳಲ್ಲಿ ಕೂಗು ಕೇಳಿ ಹೇಂಟೆಯೇ ಹುಂಜನ ಬಳಿ ಹೋಗುವುದು ವಾಡಿಕೆ. ನಾವು ಹೇಂಟೆಯ ದನಿಯಲ್ಲಿ ಹುಂಜನನ್ನೇ ಕರೆಸಿಕೊಳ್ಳುತ್ತೇವೆ. ದಾರಿಯಾದರೂ ಸಲೀಸಾಗಿರಬೇಡವೇ?

ಬೆನ್ನಿಗೆ ಭುಜಕ್ಕಿಂತ ಅಗಲದ ಮರ ಇರಲಿ: ಆಕಾರ ಮರೆಯಾಗುತ್ತದೆ, ಹಿಂದಿನಿಂದ ಬರುವ ಇನ್ನೊಬ್ಬ ಬೇಟೆಗಾರನ ಗುಂಡಿಗೂ ಅಡ್ಡ. ಕೆಂಪು, ಬಿಳಿ, ನೀಲಿ ಬಟ್ಟೆ ಬೇಡ. ಹುಂಜನ ತಲೆಯ ಬಣ್ಣಗಳೇ ಅವು. ಗಾಳಿಯ ದಿಕ್ಕಿಗೆ ತಲೆ ಕೆಡಿಸಿಕೊಳ್ಳಬೇಡಿ. ಜಿಂಕೆಯಂತಲ್ಲ, ಇದಕ್ಕೆ ಮೂಗು ಮಂದ, ಕಣ್ಣು ಮಾತ್ರ ಬಲು ಚುರುಕು.

ಮಳೆ ಬಿದ್ದ ದಿನ ಕಾಡು ಬಿಟ್ಟು ಹುಲ್ಲುಗಾವಲಿನ ಅಂಚಿಗೆ ಬನ್ನಿ, ಅವೂ ಅಲ್ಲಿಗೇ ಬರುತ್ತವೆ. ಬೆಳಗ್ಗೆ ಬರಿಗೈಯಾದರೂ ಎದ್ದು ಹೋಗಬೇಡಿ. ಹತ್ತು ಗಂಟೆಯ ಹೊತ್ತಿಗೆ ಹೇಂಟೆಗಳು ಮೊಟ್ಟೆಯಿಡಲು ಗೂಡಿಗೆ ಸರಿಯುತ್ತವೆ. ಒಂಟಿಯಾದ ಹುಂಜ ತಾನು ದಿನಾ ಕುಣಿಯುವ ಬಯಲಿಗೆ ಮರಳುತ್ತದೆ. ರೆಕ್ಕೆಯ ತುದಿ ನೆಲ ಕೆರೆದ ಗೀರುಗಳು ಅಲ್ಲಿ ಕಾಣುತ್ತವೆ.