ವೀಲ್‌ಚೇರ್ ಬೇಕೇ? ಮೊದಲು ಟೇಪು, ಆಮೇಲೆ ಅರ್ಜಿ

ಮನೆಯಲ್ಲಿ ಒಬ್ಬರಿಗೆ ವೀಲ್‌ಚೇರ್ ಬೇಕಾಯಿತು ಅಂದರೆ ಎಲ್ಲರೂ ಮೊದಲು ಕೇಳುವುದು "ಫ್ರೀಯಾಗಿ ಎಲ್ಲಿ ಸಿಗುತ್ತದೆ?" ಅಂತ. ಸೀಟಿನ ಅಗಲ ಎಷ್ಟಿರಬೇಕು ಅಂತ ಕೇಳುವವರು ಕಮ್ಮಿ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಒಮ್ಮೆ ಕುರ್ಚಿ ತೆಗೆದುಕೊಂಡರೆ ಮುಂದಿನ ಮೂರು ವರ್ಷ ಅದೇ ಕಾರಣಕ್ಕೆ ಮತ್ತೆ ಕೇಳುವಂತಿಲ್ಲ. 12 ವರ್ಷದೊಳಗಿನ ಮಕ್ಕಳಿಗಾದರೆ ಒಂದು ವರ್ಷ. ಅಳತೆಗೆ ಕೂಡದ ಕುರ್ಚಿಯನ್ನು ತಂದು ಅಟ್ಟಕ್ಕೆ ಹಾಕಿದರೂ ಕಡತದಲ್ಲಿ ಅದು ಪಡೆದದ್ದೇ. ಹಾಗಾಗಿ ಅಳತೆಯಿಂದಲೇ ಶುರು ಮಾಡೋಣ.

ಬಳಸುವವರನ್ನು ಗಟ್ಟಿ ಮರದ ಸ್ಟೂಲಿನ ಮೇಲೆ ನೆಟ್ಟಗೆ ಕೂರಿಸಿ. ತೊಡೆ ಸೊಂಟ ಸೇರುವಲ್ಲಿ, ಅತಿ ಅಗಲವಾದ ಜಾಗದ ಎರಡು ಬದಿಗೂ ಒಂದೊಂದು ದಪ್ಪ ಪುಸ್ತಕ ತಾಗಿಸಿ ನಿಲ್ಲಿಸಿ, ಆ ಪುಸ್ತಕಗಳ ನಡುವಿನ ಅಂತರ ಅಳೆಯಿರಿ. ಟೇಪನ್ನು ಮೈಮೇಲೆ ಸುತ್ತಿ ಅಳೆದರೆ ಲೆಕ್ಕ ತಪ್ಪುತ್ತದೆ. ಬಂದ ಅಂತರಕ್ಕೆ ಎರಡು ಸೆಂಟಿಮೀಟರ್ ಸೇರಿಸಿದರೆ ಸೀಟಿನ ಅಗಲ. ಬೆನ್ನ ಹಿಂದಿನಿಂದ ಮಂಡಿಯ ಒಳಮಡಿಕೆಯವರೆಗೆ ಅಳೆದು 3ರಿಂದ 6 ಸೆಂ.ಮೀ. ಕಳೆದರೆ ಸೀಟಿನ ಆಳ. ಕಳೆಯದಿದ್ದರೆ ಸೀಟಿನ ಅಂಚು ಮಂಡಿಯ ಹಿಂದೆ ಒತ್ತುತ್ತದೆ, ಕೂತವರು ಮುಂದಕ್ಕೆ ಜಾರಿ ಬೆನ್ನು ಗೂನಾಗುತ್ತದೆ. ಮಂಡಿಯಿಂದ ಹಿಮ್ಮಡಿಯವರೆಗಿನ ಉದ್ದವನ್ನು ದಿನಾ ಹಾಕುವ ಚಪ್ಪಲಿ ಹಾಕಿಸಿಯೇ ಅಳೆಯಿರಿ. ಪಾದದ ಹಲಗೆ ನೆಲದಿಂದ 5 ಸೆಂ.ಮೀ. ಆದರೂ ಮೇಲಿರಬೇಕು, ಇಲ್ಲದಿದ್ದರೆ ಹೊಸ್ತಿಲಿಗೆ ತಾಗುತ್ತದೆ.

ಅಂಗಡಿಯಲ್ಲಿ ಕೇಳದೆಯೇ ಕೊಡುವ ಮಡಚುವ ಕುರ್ಚಿಯ ಸೀಟು 18 ಇಂಚು. 14 ಇಂಚಿನ ಮೈಯ ಅಜ್ಜಿಯನ್ನು ಅದರಲ್ಲಿ ಕೂರಿಸಿದರೆ ಒಂದು ಬದಿಗೆ ವಾಲುತ್ತಾರೆ, ಕೈ ಚಕ್ರಕ್ಕೆ ಸರಿಯಾಗಿ ಎಟುಕುವುದಿಲ್ಲ. ಮೇಲಾಗಿ ಆ ಕುರ್ಚಿಯ ಹೊರ ಅಗಲ ಸುಮಾರು 65 ಸೆಂ.ಮೀ. ಬಚ್ಚಲ ಬಾಗಿಲನ್ನು ಪೂರ್ತಿ ತೆರೆದಿಟ್ಟು, ದಾರಂದದ ಒಳಮೈಯಿಂದ ಬಾಗಿಲ ಹಲಗೆಯವರೆಗೆ ಅಳೆದು ನೋಡಿ. ಹಲಗೆಯ ದಪ್ಪವೇ ಮೂರು ಸೆಂ.ಮೀ. ತಿಂದಿರುತ್ತದೆ. ಸ್ವಲ್ಪದರಲ್ಲಿ ತಪ್ಪುವುದಾದರೆ ಗೋಡೆ ಒಡೆಯಬೇಡಿ, ಬಾಗಿಲು ಕಳಚಿ ದಪ್ಪ ಪರದೆ ಹಾಕಿ.

ಇಳಿಜಾರಿನ ಲೆಕ್ಕ ಒಂದಕ್ಕೆ ಹನ್ನೆರಡು. 10 ಸೆಂ.ಮೀ. ಹೊಸ್ತಿಲಿಗೆ 120 ಸೆಂ.ಮೀ. ಉದ್ದದ ಹಲಗೆ. ಹಳೆ ಹಂಚಿನ ಮನೆಯ ಜಗಲಿಗೆ 15 ಸೆಂ.ಮೀ.ನ ಮೂರು ಮೆಟ್ಟಿಲಿದ್ದರೆ 5.4 ಮೀಟರ್, ಅಷ್ಟು ಅಂಗಳ ಇಲ್ಲದವರು ಗೋಡೆಯ ಉದ್ದಕ್ಕೆ ತಿರುಗಿಸಿ ಕಟ್ಟಬೇಕು, ತಿರುವಿನಲ್ಲಿ ಒಂದೂವರೆ ಮೀಟರ್ ಚದರದ ಸಮತಟ್ಟು ಜಾಗ ಬಿಡಬೇಕು. ಸಿಮೆಂಟನ್ನು ನುಣ್ಣಗೆ ತೀಡಿಸಬೇಡಿ, ಹಸಿ ಇರುವಾಗಲೇ ಕಡ್ಡಿ ಪೊರಕೆಯಿಂದ ಅಡ್ಡಗೆರೆ ಎಳೆಸಿ. ಆಟಿ ತಿಂಗಳ ಮಳೆಯ ಹೊತ್ತಿಗೆ ಪಾಚಿ ಹಿಡಿದೇ ಹಿಡಿಯುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕದಿದ್ದರೆ ಕುರ್ಚಿಗಿಂತ ಮೊದಲು ತಳ್ಳುವವರೇ ಜಾರುತ್ತಾರೆ.

ಈಗ ದುಡ್ಡಿನ ವಿಷಯ. ಎಲ್ಲದಕ್ಕೂ ಬುಡ ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಮಂಗಳೂರಿನವರು ವೆನ್ಲಾಕ್, ಉಡುಪಿಯವರು ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಂಥ ಕಡೆ ತಪಾಸಣೆಗೆ ಹೋಗಬೇಕು. ಅಂಗವೈಕಲ್ಯ ಶೇ. 40 ಅಥವಾ ಹೆಚ್ಚು ಅಂತ ಬಂದರೆ ಮುಂದಿನ ದಾರಿ. ಹೊಸದಾಗಿ ಪಾರ್ಶ್ವವಾಯು ಆದವರಿಗೆ ಚಿಕಿತ್ಸೆ ಮುಗಿದು ಸ್ಥಿತಿ ಒಂದು ಹಂತಕ್ಕೆ ನಿಂತ ಮೇಲೆಯೇ ಪ್ರಮಾಣ ನಿಗದಿ ಮಾಡುವುದು ರೂಢಿ. ಆ ತಿಂಗಳುಗಳಿಗೆ, ಮತ್ತು ಕಾಲು ಮುರಿದು ಮಲಗಿದವರಿಗೆ, ಬಾಡಿಗೆ ಕುರ್ಚಿಯೇ ಸರಿ. ಅಡ್ವಾನ್ಸ್ ಕೊಡುವ ಮುಂಚೆ ಕುರ್ಚಿಯ ಗೀರು, ಹರಿದ ರೆಕ್ಸಿನ್ ಎಲ್ಲದರ ಫೋಟೋ ತೆಗೆದಿಡಿ.

ಎಡಿಐಪಿಯಲ್ಲಿ ತಿಂಗಳ ಆದಾಯ 22,500 ರೂಪಾಯಿಯವರೆಗಿದ್ದರೆ ಪೂರ್ತಿ ಉಚಿತ, ಅಲ್ಲಿಂದ 30,000ದವರೆಗೆ ಅರ್ಧ. ಯುಡಿಐಡಿ, ಆಧಾರ್, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಫೋಟೋ ಸಾಕು. ಕುರ್ಚಿ ಬರುವುದು ಹೆಚ್ಚಾಗಿ ಕಾನ್ಪುರದ ಸರ್ಕಾರಿ ಕಂಪನಿ ಅಲಿಮ್ಕೊದಿಂದ, ಶಿಬಿರದ ಮೂಲಕ. ಮೊದಲು ತಪಾಸಣಾ ಶಿಬಿರ, ವಿತರಣೆ ಬೇರೆ ದಿನ, ನಡುವೆ ತಿಂಗಳುಗಳೇ ಕಳೆಯಬಹುದು. ನಿಮ್ಮ ಅಳತೆ ಬರೆಸಬೇಕಾದದ್ದು ತಪಾಸಣೆಯ ದಿನ, ವಿತರಣೆಯ ದಿನ ಹೇಳಿ ಫಲವಿಲ್ಲ. 60 ದಾಟಿದವರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ, 2017ರಿಂದ. ಬಿಪಿಎಲ್ ಕಾರ್ಡು ಅಥವಾ ತಿಂಗಳಿಗೆ 15,000 ಒಳಗಿನ ಆದಾಯ ಇರಬೇಕು.

ಜನರಿಗೆ ಕಣ್ಣಿಗೆ ಬೀಳದ ದಾರಿ ಪಂಚಾಯತ್. ಸ್ಥಳೀಯ ಸಂಸ್ಥೆಗಳು ಅನುದಾನದ ಶೇ. 5ನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ಗ್ರಾಮ ಪಂಚಾಯತಿನಲ್ಲಿ ವಿಆರ್‌ಡಬ್ಲ್ಯು, ನಗರದಲ್ಲಿ ಯುಆರ್‌ಡಬ್ಲ್ಯು ಅಂತ ಪುನರ್ವಸತಿ ಕಾರ್ಯಕರ್ತರಿರುತ್ತಾರೆ, ಅವರನ್ನು ಹಿಡಿಯಿರಿ. ಅರ್ಜಿಯಲ್ಲಿ ಬರೀ "ವೀಲ್‌ಚೇರ್ ದಯಪಾಲಿಸಬೇಕು" ಅಂತ ಬರೆದರೆ 18 ಇಂಚಿನದ್ದೇ ಬರುತ್ತದೆ. "ಸೀಟು 16 ಇಂಚು, ಕೈಹಿಡಿ (ಆರ್ಮ್‌ರೆಸ್ಟ್) ಕಳಚಲು ಬರುವಂಥದ್ದು, ಪಾದದ ಹಲಗೆ ಏರಿಸಿ ಇಳಿಸಲು ಬರುವಂಥದ್ದು" ಅಂತ ಬರೆದು ಫಿಸಿಯೋಥೆರಪಿಸ್ಟರ ಚೀಟಿ ಲಗತ್ತಿಸಿ. ಕುರ್ಚಿ ಕೈಗೆ ಬಂದ ದಿನ ಸಹಿ ಹಾಕುವ ಮೊದಲು ಕೂರಿಸಿ, ಬ್ರೇಕ್ ಹಾಕಿ ತಳ್ಳಿ, ಮಡಚಿ ಬಿಡಿಸಿ ನೋಡಿ. ಹಿಂದೆ ಸಾಲು ಉದ್ದ ಇದೆ ಅಂತ ಗಡಿಬಿಡಿ ಮಾಡಬೇಡಿ.

ಕೈಯಿಂದಲೇ ಕೊಳ್ಳುವವರಿಗೆ: ಜಿಎಸ್‌ಟಿ ಶೇ. 5 ಮಾತ್ರ, ಬಿಲ್ಲಿನಲ್ಲಿ ಗಮನಿಸಿ. ಆರೋಗ್ಯ ವಿಮೆ ಸಾಮಾನ್ಯವಾಗಿ ವೀಲ್‌ಚೇರಿಗೆ ದುಡ್ಡು ಕೊಡುವುದಿಲ್ಲ. ರಸ್ತೆ ಅಪಘಾತದ ಪರಿಹಾರದ ಕೇಸು ಇದ್ದರೆ ಬಾಡಿಗೆ ರಸೀದಿಯೂ ಸೇರಿ ಎಲ್ಲ ಬಿಲ್ಲು ವಕೀಲರಿಗೆ ಕೊಡಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ, ಅವಲಂಬಿತರ ಅಂಗವೈಕಲ್ಯ ಶೇ. 40 ಅಥವಾ ಹೆಚ್ಚಿದ್ದರೆ 75,000, ಶೇ. 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ತೆರಿಗೆ ಲೆಕ್ಕದ ಆದಾಯದಿಂದ ಕಡಿತ ಇದೆ. ದಿನವಿಡೀ ಕುರ್ಚಿಯಲ್ಲೇ ಓಡಾಡಿ ದುಡಿಯುವವರು ಅಳತೆಗೆ ಮಾಡಿಕೊಡುವ ಕುರ್ಚಿಗೆ ಹಣ ಕೂಡಿಸುವುದು ಮೇಲು. ಐಐಟಿ ಮದ್ರಾಸ್‌ನಲ್ಲಿ ಹುಟ್ಟಿದ ನಿಯೋಫ್ಲೈ ಅಂಥದ್ದೊಂದು.

ಕುರ್ಚಿಯ ಬೆಲೆಯಲ್ಲಿ ಸೇರದೇ ಹೋಗುವ, ಆದರೆ ಬಿಡಬಾರದ ವಸ್ತು ಕುಶನ್. ಸ್ಪರ್ಶ ತಿಳಿಯದವರಿಗೆ ಬರೀ ರೆಕ್ಸಿನ್ ಸೀಟಿನ ಮೇಲೆ ಕೂತರೆ ಹುಣ್ಣು ಖಂಡಿತ. ಫೋಮ್ ಸಾಕೋ ಇಲ್ಲವೋ ನೋಡಲು ಅಂಗೈ ಮೇಲೆ ಮಾಡಿ ಕುಶನ್ನಿಗೂ ಕೂತವರ ಕುಂಡಿಯ ಮೂಳೆಗೂ ನಡುವೆ ಬೆರಳು ತೂರಿಸಿ. ಬೆರಳ ತುದಿಯನ್ನು ಅರ್ಧ ಸೆಂಟಿಮೀಟರಿನಷ್ಟು ಮೇಲೆ ಕೆಳಗೆ ಆಡಿಸಲು ಬಂದರೆ ಸರಿ. ಬೆರಳು ಅಪ್ಪಚ್ಚಿಯಾದರೆ ಕುಶನ್ ಬದಲಿಸಿ. ಅದರ ಜೊತೆ ಅರ್ಧ ಗಂಟೆಗೊಮ್ಮೆ ಮುಂದಕ್ಕೆ ಬಾಗಿ ಎದೆಯನ್ನು ತೊಡೆಯ ಮೇಲೆ ಇಟ್ಟು ಎರಡು ನಿಮಿಷ ಇರಬೇಕು. ರಾತ್ರಿ ಕನ್ನಡಿಯಲ್ಲಿ ಚರ್ಮ ನೋಡಿ. ಕೆಂಪಾದ ಅಥವಾ ಬಣ್ಣ ಕಪ್ಪಾದ ಜಾಗ ಮಾಸದಿದ್ದರೆ ಅದರ ಮೇಲೆ ಕೂರಿಸಲೇಬಾರದು.

ತಳ್ಳುವವರಿಗೆ ಎರಡು ಮಾತು. ಕಡಿದಾದ ಇಳಿಜಾರಿನಲ್ಲಿ ಕುರ್ಚಿಯನ್ನು ಹಿಮ್ಮುಖ ಮಾಡಿ, ನೀವು ಕೆಳಗಿನ ಬದಿಯಲ್ಲಿ ನಿಂತು ಇಳಿಸಿ. ಎತ್ತುವಾಗ ಕೈಹಿಡಿ, ಪಾದದ ಹಲಗೆ ಹಿಡಿಯಬೇಡಿ. ಕಳಚುವ ಭಾಗ ನಡುದಾರಿಯಲ್ಲಿ ಕೈಗೆ ಬರುತ್ತದೆ.

ಕರಾವಳಿಯ ಉಪ್ಪುಗಾಳಿಗೆ ಮೊದಲು ಬಲಿಯಾಗುವುದು ಚಕ್ರದ ಕಡ್ಡಿಗಳು ಮತ್ತು ಮುಂದಿನ ಸಣ್ಣ ಚಕ್ರದ ಬೇರಿಂಗು. ಮಳೆಯಲ್ಲಿ ನೆನೆದ ದಿನವೇ ಒರೆಸಿ. ಸಣ್ಣ ಚಕ್ರದ ಅಚ್ಚಿಗೆ ಸುತ್ತಿದ ಕೂದಲು, ತೆಂಗಿನ ನಾರು ತಿಂಗಳಿಗೊಮ್ಮೆ ಬ್ಲೇಡಿನಿಂದ ಕೊಯ್ದು ತೆಗೆಯಿರಿ. ಗಾಳಿ ಟೈರಿನ ಕುರ್ಚಿಯಲ್ಲಿ ಬ್ರೇಕ್ ಹಿಡಿಯುತ್ತಿಲ್ಲ ಎಂದರೆ ಬ್ರೇಕನ್ನು ಬಿಗಿಸುವ ಮೊದಲು ಗಾಳಿ ನೋಡಿ: ಟೈರು ಕುಗ್ಗಿದರೆ ಬ್ರೇಕಿನ ಕಡ್ಡಿ ಅದನ್ನು ಮುಟ್ಟುವುದೇ ಇಲ್ಲ. ಟ್ಯೂಬ್ ತರಲು ಸೈಕಲ್ ಅಂಗಡಿಗೆ ಹೋಗುವಾಗ ಟೈರಿನ ಬದಿಯ ಅಂಕಿ ಬರೆದುಕೊಂಡು ಹೋಗಿ. 540, 507 ಎರಡನ್ನೂ ಅಂಗಡಿಯವರು "24 ಇಂಚು" ಅಂತಲೇ ಕೊಡುತ್ತಾರೆ, ಒಂದರ ಟೈರು ಇನ್ನೊಂದರ ರಿಮ್ಮಿಗೆ ಕೂರುವುದಿಲ್ಲ.