ಸೊನೆ ಚೆಲ್ಲಿ ಎಣ್ಣೆ ಹುಡುಕಿದ ಕಥೆ

ಧಾರವಾಡದ ಕಲಕೇರಿ ಕಡೆ ನಮ್ಮದು ಮೂರು ಎಕರೆ ಆಪೂಸ್ ತೋಟ. ಕೀಳುವಾಗ ಕಾಯಿ ಮೇಲೆ ಒಂದು ಕಲೆ ಇರುವುದಿಲ್ಲ. ಹಣ್ಣಾಗಲೆಂದು ಹುಲ್ಲಿನಲ್ಲಿ ಅಡಿ ಹಾಕಿ, ಆರನೇ ದಿನ ಹುಲ್ಲು ಸರಿಸಿದರೆ ತೊಟ್ಟಿನ ಸುತ್ತ ಕರ್ರಗಿನ ಉಂಗುರ. ಮರುದಿನ ಅದು ಅರ್ಧ ಹಣ್ಣಿನವರೆಗೆ ಇಳಿದಿರುತ್ತದೆ. ಇದು ತೊಟ್ಟು ಕೊಳೆ. ಮೈತುಂಬ ಕಪ್ಪು ಚುಕ್ಕಿಯಾಗಿ ಬರುವುದು ಚಿಬ್ಬು ರೋಗ. ಎರಡೂ ಶಿಲೀಂಧ್ರದ ಕೆಲಸವೇ. ಚಿಬ್ಬಿನ ಶಿಲೀಂಧ್ರವಂತೂ ಕಾಯಿ ಎಳೆಯದಾಗಿದ್ದಾಗಲೇ ಮಳೆ ಹನಿಯ ಜೊತೆ ಬಂದು ಸಿಪ್ಪೆಯೊಳಗೆ ಸೇರಿ, ಹಣ್ಣಾಗುವವರೆಗೆ ಸುಮ್ಮನೆ ಮಲಗಿರುತ್ತದೆ.

ಮೊದಲು ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಬೆರೆಸಿದ ನೀರಿನಲ್ಲಿ ಕಾಯಿ ಅದ್ದುತ್ತಿದ್ದೆವು. ನಾವು ಡಜನ್ ಲೆಕ್ಕದಲ್ಲಿ ಮನೆಮನೆಗೆ ಕೊಡುವವರು. ಮಕ್ಕಳು ಸಿಪ್ಪೆ ಸಮೇತ ಚೀಪುವುದನ್ನು ಕಣ್ಣಾರೆ ನೋಡಿದ ಮೇಲೆ ಕೈ ಬರಲಿಲ್ಲ. ಲವಂಗದ ಎಣ್ಣೆಯಲ್ಲಿ ಯೂಜಿನಾಲ್ ಇದೆ, ಅದು ಶಿಲೀಂಧ್ರದ ಜೀವಕೋಶದ ಪೊರೆಯನ್ನೇ ಕೆಡಿಸುತ್ತದೆ ಎಂದು ಓದಿ ಒಂದು ಬಾಟಲಿ ತಂದೆ.

ಮೊದಲ ಸಲ ಅವಸರಕ್ಕೆ ಬಿದ್ದೆ. 10 ಲೀಟರ್ ನೀರಿಗೆ 50 ಮಿಲಿ ಎಣ್ಣೆ ಸುರಿದು ಕಾಯಿ ಮುಳುಗಿಸಿದೆ. ಲವಂಗದ ಎಣ್ಣೆ ನೀರಿಗಿಂತ ಭಾರ ಎನ್ನುವುದು ಗೊತ್ತಿರಲಿಲ್ಲ. ಅದು ಮಣಿಮಣಿಯಾಗಿ ಬಕೆಟ್ ತಳ ಸೇರಿತ್ತು. ತಳದಲ್ಲಿದ್ದ ಕಾಯಿಗಳಿಗೆ ಮರುದಿನ ಬಿಸಿನೀರು ಚೆಲ್ಲಿದ ಹಾಗೆ ಕಂದು ಕಲೆ. ಮೇಲಿನವಕ್ಕೆ ಏನೂ ತಾಗಿರಲಿಲ್ಲ, ಅವು ಎಂದಿನಂತೆ ಕೊಳೆತವು. ಅವ್ವ ಒಂದು ಹಣ್ಣು ಮೂಸಿ, "ಇದೇನು ಹಣ್ಣೇನಪಾ, ಹಲ್ಲಬ್ಯಾನಿ ಔಷಧೇನಪಾ?" ಅಂದಳು.

ದಾರಿ ತೋರಿಸಿದ್ದು ಅಂಟುವಾಳ. ಒಂದು ಹಿಡಿ ಕಾಯಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಚೆನ್ನಾಗಿ ಕಿವುಚಿ ಸೋಸಿ, ಆ ನೊರೆನೀರಿಗೆ ಎಣ್ಣೆ ಸ್ವಲ್ಪ ಸ್ವಲ್ಪ ಹನಿಸುತ್ತ ಕಡೆಯಬೇಕು. ನೀರುಮಜ್ಜಿಗೆಯ ಹಾಗೆ ಬೆಳ್ಳಗಾದರೆ ಕೂಡಿತು ಅಂತ ಲೆಕ್ಕ. ಎಣ್ಣೆಯನ್ನು 10 ಲೀಟರಿಗೆ 10 ಮಿಲಿಗೆ ಇಳಿಸಿದೆ. ಅದಕ್ಕೂ ಮೊದಲು ಕಾಯಿಯನ್ನು 52 ಡಿಗ್ರಿ ನೀರಿನಲ್ಲಿ 5 ನಿಮಿಷ ಇಡುತ್ತೇನೆ. ಹಂಡೆಯ ನೀರಿಗೆ ಥರ್ಮಾಮೀಟರ್ ಬೇಕೇ ಬೇಕು. ಕೈಯಂದಾಜು ನಂಬಿ ಎಳೆಗಾಯಿ ಬೇಯಿಸಿದ್ದೂ ಆಗಿದೆ. ಬಿಸಿನೀರಿಗೇ ಎಣ್ಣೆ ಹಾಕಿದರೆ ಆವಿ ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ತಣ್ಣೀರಲ್ಲಿ ಆರಿಸಿದ ಮೇಲೆ ಎಣ್ಣೆನೀರು, ಆಮೇಲೆ ನೆರಳು. ಚಿಬ್ಬು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಇದರಲ್ಲಿ ಬಿಸಿನೀರಿನ ಪಾಲು ಎಷ್ಟು, ಲವಂಗದ್ದು ಎಷ್ಟು ಅಂದರೆ, ನನ್ನ ಪ್ರಕಾರ ಬಿಸಿನೀರಿನದೇ ದೊಡ್ಡದು. ಮಜ್ಜಿಗೆ ಹುಲ್ಲಿನ ಎಣ್ಣೆಯನ್ನು ಹತ್ತಿಗೆ ಹನಿಸಿ ಕ್ರೇಟಿನ ಮೂಲೆಯಲ್ಲಿಟ್ಟೂ ನೋಡಿದೆ. ವಾಸನೆ ಹಣ್ಣಿಗೆ ಹತ್ತಿತು, ಬಿಟ್ಟೆ.

ತೊಟ್ಟು ಕೊಳೆ ಮಾತ್ರ ಇದಾವುದಕ್ಕೂ ಜಗ್ಗಲಿಲ್ಲ.

ಹೋಲಿಕೆಗೆಂದು ಏನೂ ಹಚ್ಚದ ಒಂದು ಕ್ರೇಟ್ ಬೇರೆ ಇಟ್ಟಿದ್ದೆ. ಹುಲ್ಲು ಸರಿಸಿದರೆ ಅದರಲ್ಲೇ ಕರಿ ಉಂಗುರ ಎಲ್ಲಕ್ಕಿಂತ ಕಡಿಮೆ! ತಲೆ ಕೆಟ್ಟಿತು. ಆಮೇಲೆ ನೆನಪಾಯಿತು, ಆ ಕಾಯಿಗಳನ್ನು ಇಳಿಸಿದ್ದು ನಮ್ಮ ಹಳೆಯ ಆಳು. ಅವನು ಜಾಳಿಗೆಯಿಂದ ಜಗ್ಗುವವನಲ್ಲ; ಮರ ಹತ್ತಿ, ಬೆರಳ ಗೆಣ್ಣಿನಷ್ಟು ತೊಟ್ಟು ಬಿಟ್ಟು ಕತ್ತರಿಸುತ್ತಾನೆ. ಉಳಿದವರು ತೊಟ್ಟು ಬುಡದಲ್ಲೇ ಮುರಿಯುತ್ತಿದ್ದರು, ಸೊನೆ ಚಿಮ್ಮಿ ಹೋಗುತ್ತಿತ್ತು.

ಸಸ್ಯರೋಗ ಓದಿದ ಪರಿಚಯದವರೊಬ್ಬರನ್ನು ಕೇಳಿದೆ. ಮಾವಿನ ಸಿಪ್ಪೆಯಲ್ಲಿ, ಸೊನೆಯಲ್ಲಿ ರೆಸಾರ್ಸಿನಾಲ್ ಎಂಬ ಬಗೆಯ ಪದಾರ್ಥಗಳಿವೆಯಂತೆ. ಶಿಲೀಂಧ್ರವನ್ನು ಮಲಗಿಸಿಟ್ಟಿರುವುದು ಅವೇ. ಹಣ್ಣಾಗುತ್ತ ಅವು ಕಮ್ಮಿಯಾದಂತೆ ಅದು ಏಳುತ್ತದೆ. ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ, ಕೊಳೆಗೆ ಬಾಗಿಲೂ ತೆರೆದಂತೆ. ಜೊತೆಗೆ ಆ ಸೊನೆ ಸಿಪ್ಪೆಗೆ ಬಿದ್ದಲ್ಲಿ ಸುಟ್ಟ ಕಲೆ ಬೇರೆ. ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದದ್ದಕ್ಕಿಂತ ಒಳ್ಳೆಯದನ್ನು ನಾನು ನೆಲಕ್ಕೆ ಚೆಲ್ಲುತ್ತಿದ್ದೆ.

ಈಗ ಆಳುಗಳಿಗೆಲ್ಲ ಕತ್ತರಿ ಕೊಟ್ಟಿದ್ದೇನೆ, ಗಳದ ಜಾಳಿಗೆಗೂ ಬ್ಲೇಡ್ ಕಟ್ಟಿಸಿದ್ದೇನೆ. ತೊಟ್ಟು ಪಕ್ಕದ ಕಾಯಿಗೆ ಚುಚ್ಚದಂತೆ ಕ್ರೇಟಿನಲ್ಲಿ ಒಂದೇ ಸಾಲು, ನಡುವೆ ಹುಲ್ಲು. ಬಿಸಿನೀರು, ಲವಂಗ ಬಿಟ್ಟಿಲ್ಲ, ಚಿಬ್ಬಿಗೆ ಅವು ಬೇಕು. ಏಪ್ರಿಲ್‌ನಲ್ಲಿ ಮಳೆ ಹೊಡೆದ ವರ್ಷ ಮಾತ್ರ ಏನು ಮಾಡಿದರೂ ಒಂದಷ್ಟು ಹೋಗುತ್ತದೆ. ಅಂಥ ಕಾಯಿಯನ್ನು ಅಡಿ ಹಾಕದೆ ಉಪ್ಪಿನಕಾಯಿಗೆ ಕೊಟ್ಟುಬಿಡುತ್ತೇನೆ. ಕತ್ತರಿಯಿಂದ ದಿನಕ್ಕೆ ಇಳಿಯುವ ಕಾಯಿ ಕಡಿಮೆ, ಕೂಲಿ ಹೆಚ್ಚು. ಆ ಲೆಕ್ಕಕ್ಕೆ ಹೆಂಡತಿ ಇನ್ನೂ ಒಪ್ಪಿಲ್ಲ.