ಸ್ಟೈಲ್‌ಲಿಂಟ್‌ಗೆ ನಾವೇ ಬರೆದ ರೂಲಿಗೆ ಟೆಸ್ಟ್ ಬರೆಯೋದು ಹೇಗೆ

ಸ್ಟೈಲ್‌ಲಿಂಟ್ ಅಂದ್ರೆ ಸಿಎಸ್ಎಸ್ ಕೋಡಲ್ಲಿ ತಪ್ಪು ಹುಡುಕಿ ಎಚ್ಚರಿಸೋ ಟೂಲು. ಸಿಎಸ್ಎಸ್ ಒಳಗೆ ಯಾರೂ ನೇರವಾಗಿ ಹೆಕ್ಸ್ ಕಲರ್ (ಹ್ಯಾಷ್ ಗುರುತಿನ ಮುಂದೆ ಅಂಕಿ, ಅಕ್ಷರ ಬರೆದು ಹೇಳೋ ಬಣ್ಣ) ಹಾಕ್ಬಾರ್ದು, ವೇರಿಯಬಲ್ಲೇ ಬಳಸ್ಬೇಕು ಅಂತ ನಮ್ ಟೀಮಿಗೆ ಒಂದು ಸ್ಟೈಲ್‌ಲಿಂಟ್ ಪ್ಲಗಿನ್ ಬರೆದೆ. ನಲವತ್ತು ಸಾಲೂ ಇಲ್ಲ, ಇದಕ್ಕೇನ್ ಟೆಸ್ಟು ಅಂತ ಬಿಟ್ಬಿಟ್ಟೆ. ಎರಡೇ ದಿನಕ್ಕೆ ಒಬ್ರು ಬಂದು "ನಿಮ್ ರೂಲು ಒಂದು ಬಿಟ್ಟು ಒಂದು ಸಾಲು ಹಿಡೀತಿದೆ ಕಣ್ರೀ" ಅಂದ್ರು.

ನೋಡಿದ್ರೆ ಹೆಕ್ಸ್ ಹುಡುಕೋ ರೆಜೆಕ್ಸ್‌ಗೆ (ಪಠ್ಯದಲ್ಲಿ ಒಂದು ಮಾದರಿ ಹುಡುಕೋ ಸೂತ್ರಕ್ಕೆ) ಗ್ಲೋಬಲ್ ಫ್ಲ್ಯಾಗ್ ಹಾಕಿ ಫೈಲಿನ ಮೇಲ್ಗಡೆ ಒಂದೇ ಸಲ ಇಟ್ಟಿದ್ದೆ, ಆ ಫ್ಲ್ಯಾಗ್ ಇದ್ರೆ ಅದು ಹಿಂದಿನ ಸಲ ಎಲ್ಲಿಗೆ ನಿಲ್ಲಿಸ್ತೋ ಅಲ್ಲಿಂದ್ಲೇ ಮುಂದಿನ ಸ್ಟ್ರಿಂಗ್ ಹುಡುಕೋಕೆ ಶುರು ಮಾಡುತ್ತೆ, ಸಿಗಲಿಲ್ಲ ಅಂದ್ರೆ ಮತ್ತೆ ಸೊನ್ನೆಗೆ ಬರುತ್ತೆ, ಹಾಗಾಗಿ ಒಂದು ಹಿಡಿಯುತ್ತೆ ಒಂದು ಬಿಡುತ್ತೆ. ಒಂದೇ ಡಿಕ್ಲರೇಶನ್ (ಪ್ರಾಪರ್ಟಿ, ಅದರ ವ್ಯಾಲ್ಯೂ ಇರೋ ಸಾಲು) ಇರೋ ಟೆಸ್ಟಲ್ಲಿ ಇದು ಸಿಗುತ್ತೆ ಅಂತ ನಂಬೋಕಾಗಲ್ಲ. ಅದಕ್ಕೇ ಒಂದು ಕೇಸಲ್ಲಾದ್ರೂ ಎರಡ್ಮೂರು ತಪ್ಪು ಒಟ್ಟಿಗೆ ಇಡಿ, ವಾರ್ನಿಂಗ್ಸ್ ಅನ್ನೋ ಅರೇನಲ್ಲಿ ಪ್ರತಿಯೊಂದನ್ನೂ ಬರೀರಿ.

ಸೆಟಪ್ಪಿಗೆ ಜೆಸ್ಟ್ ಅನ್ನೋ ಟೆಸ್ಟ್ ಟೂಲ್ ಬಳಸೋರಿಗೆ ಜೆಸ್ಟ್ ಪ್ರಿಸೆಟ್ ಸ್ಟೈಲ್‌ಲಿಂಟ್ ಅನ್ನೋ ಪ್ಯಾಕೇಜ್ ಇದೆ, ನೋಡ್‌ನದ್ದೇ ಟೆಸ್ಟ್ ರನ್ನರ್ ಸಾಕು ಅನ್ನೋರಿಗೆ ಸ್ಟೈಲ್‌ಲಿಂಟ್ ಟೆಸ್ಟ್ ರೂಲ್ ನೋಡ್ ಇದೆ. ಎರಡರಲ್ಲೂ ಕೆಲಸ ಒಂದೇ: ಟೆಸ್ಟ್‌ರೂಲ್ ಫಂಕ್ಷನ್ನಿಗೆ ಪ್ಲಗಿನ್, ರೂಲ್ ಹೆಸರು, ಕಾನ್ಫಿಗ್ ಕೊಟ್ಟು, ಸುಮ್ನಿರಬೇಕಾದ ಕೋಡನ್ನ ಆಕ್ಸೆಪ್ಟ್ ಪಟ್ಟಿಗೆ, ಬೈಬೇಕಾದ್ದನ್ನ ರಿಜೆಕ್ಟ್ ಪಟ್ಟಿಗೆ ಹಾಕೋದು.

ಎಲ್ಲರೂ ರಿಜೆಕ್ಟ್ ಬರೆದು ಖುಷಿಪಡ್ತಾರೆ, ನನ್ ಪ್ರಕಾರ ತಲೆ ಖರ್ಚು ಮಾಡ್ಬೇಕಾಗಿರೋದು ಆಕ್ಸೆಪ್ಟ್ ಕಡೆ. ಯಾಕಂದ್ರೆ ರೂಲು ಸುಮ್‌ಸುಮ್ನೆ ಬೈದ್ರೆ ಜನ ರೂಲನ್ನ ಆಫ್ ಮಾಡೋ ಡಿಸೇಬಲ್ ಕಾಮೆಂಟ್ ಹಾಕ್ಕೊಂಡು ಮುಂದೆ ಹೋಗ್ತಾರೆ, ಆಮೇಲೆ ನಿಮ್ ರೂಲ್ ಇದ್ದೂ ಇಲ್ಲದ ಹಾಗೆ. ಎಸ್‌ವಿಜಿ ಫಿಲ್‌ಗೆ ಯುಆರ್‌ಎಲ್ ಒಳಗೆ ಹ್ಯಾಷ್ ಹಾಕಿ ಫೇಡ್ ಅನ್ನೋ ಐಡಿ ಕೊಟ್ಟಿದಾರೆ ಅಂದ್ಕೊಳ್ಳಿ. ಎಫ್, ಎ, ಡಿ, ಇ ನಾಲ್ಕೂ ಹೆಕ್ಸ್ ಅಕ್ಷರಗಳೇ, ನಾಲ್ಕಕ್ಷರದ ಹೆಕ್ಸ್ ಕಲರ್ರೂ ಇದೆ, ರೂಲು ಪಾಪ ಕಲರ್ ಅಂತ್ಲೇ ತಿಳ್ಕೊಳ್ಳುತ್ತೆ. ಇದು ಆಕ್ಸೆಪ್ಟಲ್ಲಿ ಇರ್ಲೇಬೇಕು. ಕಂಟೆಂಟ್ ಪ್ರಾಪರ್ಟಿಯ ಕೋಟ್ಸ್ ಒಳಗಿರೋ ಹ್ಯಾಷೂ ಅಷ್ಟೇ, ವೇರಿಯಬಲ್ ಡಿಫೈನ್ ಮಾಡೋ ಸಾಲೂ ಅಷ್ಟೇ, ಅಲ್ಲಲ್ದೆ ಹೆಕ್ಸ್ ಇನ್ನೆಲ್ಲಿ ಬರೀತಾರೆ ಹೇಳಿ.

ರಿಜೆಕ್ಟಲ್ಲಿ ಮೆಸೇಜ್ ಕೈಯಲ್ಲಿ ಟೈಪ್ ಮಾಡ್ಬೇಡಿ, ರೂಲ್ ಫೈಲಿಂದ ಮೆಸೇಜಸ್ ಇಂಪೋರ್ಟ್ ಮಾಡಿ. ರೂಲ್‌ಮೆಸೇಜಸ್ ಹೆಲ್ಪರ್ ಕೊನೇಲಿ ಬ್ರಾಕೆಟಲ್ಲಿ ರೂಲ್ ಹೆಸರು ಸೇರ್ಸುತ್ತೆ, ಅದು ಮರೆತು ನಾನು ಅರ್ಧ ಗಂಟೆ ಒದ್ದಾಡಿದೀನಿ. ಲೈನ್, ಕಾಲಂ, ಎಂಡ್‌ಕಾಲಂ ಎಲ್ಲಾ ಬರೀರಿ. ಎಣಿಕೆ 1ರಿಂದ ಶುರು. ಒಂದೇ ಸಾಲಲ್ಲಿ ಎ ಸೆಲೆಕ್ಟರ್, ಸ್ಪೇಸ್, ಬ್ರೇಸ್, ಸ್ಪೇಸ್, ಆಮೇಲೆ ಕಲರ್, ಕೋಲನ್, ಸ್ಪೇಸ್, ಮೂರು ಎಫ್‌ನ ಬಿಳಿ ಬಣ್ಣ ಅಂತಿದ್ರೆ ಹ್ಯಾಷ್ ಇರೋದು ಕಾಲಂ 12, ಎಂಡ್‌ಕಾಲಂ 16, ಅಂದ್ರೆ ಕೊನೇ ಎಫ್ ಆದ್ಮೇಲಿನ ಜಾಗ. ಬಾರ್ಡರ್ ವ್ಯಾಲ್ಯೂ ಮಧ್ಯೆ ಒಂದು ಕಾಮೆಂಟ್ ತುರುಕಿದ ಕೇಸೂ ಇರ್ಲಿ, ಸ್ಟೈಲ್‌ಲಿಂಟ್‌ಗೆ ಸಿಎಸ್ಎಸ್ ಓದಿಕೊಡೋ ಪೋಸ್ಟ್‌ಸಿಎಸ್ಎಸ್ ವ್ಯಾಲ್ಯೂಯಿಂದ ಆ ಕಾಮೆಂಟ್ ತೆಗೆದು ಕೊಡುತ್ತೆ, ಮೂಲ ರೂಪ ರಾಸ್ ಅನ್ನೋ ಫೀಲ್ಡ್ ಒಳಗಿರುತ್ತೆ, ನೀವು ವ್ಯಾಲ್ಯೂ ಮೇಲೆ ಲೆಕ್ಕ ಹಾಕಿದ್ರೆ ಕೆಂಪು ಗೆರೆ ಎಲ್ಲೋ ಹಿಂದ್ಗಡೆ ಬೀಳುತ್ತೆ.

ಟೆಸ್ಟ್‌ರೂಲ್‌ಗೆ ಫಿಕ್ಸ್ ಟ್ರೂ (ರೂಲು ತಪ್ಪನ್ನ ತಾನೇ ಸರಿ ಮಾಡುತ್ತೆ ಅಂತ) ಕೊಟ್ರೆ ಪ್ರತಿ ರಿಜೆಕ್ಟ್ ಕೇಸಿಗೂ ಫಿಕ್ಸ್ಡ್ ಕೋಡ್ ಬೇಕು, ಸರಿ ಮಾಡೋಕಾಗ್ದೇ ಇರೋದಕ್ಕೆ ಅನ್‌ಫಿಕ್ಸೆಬಲ್ ಟ್ರೂ. ತಪ್ಪು ಆಪ್ಶನ್ ಕೊಟ್ಟಾಗ ಏನಾಗುತ್ತೆ ಅಂತ ನೋಡೋಕೆ ಮಾತ್ರ ಟೆಸ್ಟ್‌ರೂಲ್ ಬಿಟ್ಟು ನೇರವಾಗಿ ಸ್ಟೈಲ್‌ಲಿಂಟ್‌ನ ಲಿಂಟ್ ಫಂಕ್ಷನ್ ಕರೆದು, ರಿಸಲ್ಟಲ್ಲಿರೋ ಇನ್‌ವ್ಯಾಲಿಡ್ ಆಪ್ಶನ್ ವಾರ್ನಿಂಗ್ಸ್ ಚೆಕ್ ಮಾಡಿ.

ಎಲ್ಲಾ ಹಸಿರಾದ್ಮೇಲೆ ರೂಲಲ್ಲಿ ಯುಆರ್‌ಎಲ್ ಬಿಟ್ಟುಬಿಡೋ ಸಾಲನ್ನ ಬೇಕಂತ್ಲೇ ಕಾಮೆಂಟ್ ಮಾಡಿ ಓಡಿಸಿ. ಫೇಡ್ ಕೇಸು ಕೆಂಪಾಗ್ಲಿಲ್ಲ ಅಂದ್ರೆ ಟೆಸ್ಟೇ ಸರಿಯಿಲ್ಲ.